ಹನ್ನೆರಡಕ್ಕೆ ಮೂರು ಕಡಿಮೆ

ಒಡೆಸ್ಸಾದಲ್ಲಿ ಎಣ್ಣೆ ಬೆಲೆ ಏರಿದರೆ
ನನ್ನ ಹಾಜರಿಪಟ್ಟಿ ಇಳಿಯುತ್ತದೆ.
ಟೆಕ್ಸಸ್ಸಿನ ಹುಡುಗರು ರಿಗ್ಗಿಗೆ ಹೋಗುತ್ತಾರೆ,
ಸಂವಿಧಾನ ಕಾಯುತ್ತದೆ.

ಸೋಮವಾರ ಸಂಜೆಯ ಸೆಕ್ಷನ್ನಿಗೆ ಒಂಬತ್ತೇ ಹೆಸರು.
ಹನ್ನೆರಡಾಗದಿದ್ದರೆ ರದ್ದು ಮಾಡಿ, ಅಂತ ಡೀನ್.
ಅದು ಡೆಲ್ಫೀನಾಳದು.
ಮಿಡ್‌ಲ್ಯಾಂಡಿನಲ್ಲಿ ಎರಡು ಕ್ಲಾಸು, ಇಲ್ಲಿ ಒಂದು,
ನಡುವೆ ಕಾರೇ ಅವಳ ಆಫೀಸು:
ಹಿಂದಿನ ಸೀಟಲ್ಲಿ ತಿದ್ದದ ಉತ್ತರಪತ್ರಿಕೆ, ಮಗನ ಒಂಟಿ ಶೂ.

ಸರ್ಕಾರ ವಿಭಾಗದ ಮುಖ್ಯಸ್ಥೆ ನಾನು.
ಅಧಿಕಾರ ಎಂದರೇನು ಅಂತ ಹತ್ತೊಂಬತ್ತು ವರ್ಷ ಪಾಠ ಹೇಳಿದ್ದೇನೆ.
ಕೈಲಿರುವುದು ಇಷ್ಟು: ಝೆರಾಕ್ಸ್ ಕೋಣೆಯ ಕೀಲಿ,
ಒಂದು ಡಬ್ಬ ಮಾರ್ಕರ್, ಅರ್ಧ ಒಣಗಿದವು,
ಮತ್ತೆ ಈ ಫೋನು.

ಎರಡು ಸಲ ನಂಬರೊತ್ತಿ ಇಟ್ಟುಬಿಟ್ಟೆ.
ಮೂರನೆಯ ಸಲ ಅವಳೇ ಮಾಡಿದಳು:
"ರೋವೀನಾ, ಪುಸ್ತಕ ಕೊಳ್ಳಲಾಗದವರು ಇಬ್ಬರಿದ್ದಾರೆ,
ನಿಮ್ಮ ಹಳೆಯ ಪ್ರತಿ ಸಿಕ್ಕೀತೇ?"

ಸಿಗುತ್ತದೆ, ಅಂದೆ. ಅಷ್ಟೇ ಅಂದೆ.
ಆಮೇಲೆ ಬೋರ್ಡಿನ ಮೇಲೆ,
ಬೆಳಗಿನ ಎಂಟರ ತರಗತಿಯೆದುರು
ನನ್ನ ಹೆಸರು ಒರೆಸಿ ಅವಳದನ್ನು ಬರೆದೆ.
ಸಿಕ್ಕಿದ್ದು ಒಣಗಿದ ಮಾರ್ಕರೇ;
ಮೂಡಲಿ ಅಂತ ಅದರ ಮೇಲೇ ಇನ್ನೊಮ್ಮೆ ತೀಡಿದೆ.

ಸಂಜೆಯ ಆ ಒಂಬತ್ತು ಜನಕ್ಕೆ ಏನು ಹೇಳುವುದು,
ಇನ್ನೂ ಹೊಳೆದಿಲ್ಲ.