ದಾರಿ ನೋಡಲು ಬಂದವರು

ಡಾಕ್ಟರು ದಿನಾ ನಡೆಯಿರಿ ಅಂದರು,
ಎಲ್ಲಿಗೆ ಅಂತ ಹೇಳಲಿಲ್ಲ.
ಊರಿನ ಮಿಕ್ಕ ಸಕ್ಕರೆಯವರೆಲ್ಲ
ಹೈಸ್ಕೂಲು ಮೈದಾನದಲ್ಲಿ ಗಾಣದೆತ್ತಾಗಿ ಸುತ್ತುವಾಗ
ನಾನೂ ಬಿಲ್ಕೀಸೂ
ಭಾನುವಾರ ಚಿಕ್ಕಬಳ್ಳಾಪುರದಲ್ಲಿ ರೈಲು ಹತ್ತಿ
ಶಿಡ್ಲಘಟ್ಟ ಬರುವ ಮುಂಚೆಯೇ ಇಳಿದುಬಿಡುತ್ತೇವೆ.

ನಿಲ್ದಾಣಕ್ಕಿಂತ ಹೆಸರಿನ ಹಲಗೆಯೇ ದೊಡ್ಡದು.
ಟಿಕೆಟ್ಟು ಕೊಡುವ ಗಂಗುಲಪ್ಪನಿಗೆ ಪ್ರತಿ ಸಲವೂ ಅದೇ ಸಂಕಟ:
‘ಇದೇ ಗಾಡಿ ಅಲ್ಲಿಗೇ ಹೋಗುತ್ತಲ್ಲಮ್ಮ,
ಕೂತಿದ್ರೆ ಹನ್ನೆರಡು ನಿಮಿಷ.’
ಗೊತ್ತು ಗಂಗುಲಪ್ಪ.
‘ದುಡ್ಡು ವಾಪಸ್ ಬರಲ್ಲ.’
ಅದೂ ಗೊತ್ತು.
ಗಾಡಿ ಹೊರಡುತ್ತದೆ. ಕೊನೆಯ ಡಬ್ಬಿಯ ಹಿಂದೆಯೇ
ಸದ್ದೂ ಎದ್ದು ಹೋಗಿ
ಹಳಿಯ ಮೇಲೆ ಬಿಸಿಲು ಬಂದು ಕೂರುತ್ತದೆ.

ಅವರೆಯ ಸೊಗಡು ಸೆರಗಿಗೆ ಅಂಟುವ ತಿಂಗಳು.
ಬೆನ್ನಿಗೆ ನಂದಿಬೆಟ್ಟ, ಎದುರಿಗೆ ಹಿಪ್ಪುನೇರಳೆ,
ನಡುವೆ ಒಬ್ಬರ ಹಿಂದೊಬ್ಬರು ಹೋಗುವಷ್ಟು ದಾರಿ.
ಕೆರೆ ಏರಿಯ ಈಚೆ ‘ಯಾರ ಮನೆಗೆ?’
ಆಚೆ ‘ಎವರಿಂಟಿಕಿ?’
ಎರಡೂ ಭಾಷೆಯಲ್ಲಿ ನಮ್ಮಲ್ಲಿ ಉತ್ತರವಿಲ್ಲ.

ಒಂದು ಹುಳುಮನೆಯ ಹೊಸಿಲಲ್ಲಿ ಸುಣ್ಣದ ಪುಡಿ.
‘ಒಳಗೆ ಬರಬೇಡಿ, ನಾಲ್ಕನೇ ಜ್ವರ’
ಪಾಪಕ್ಕ ಕೂಸು ಮಲಗಿರುವ ಮನೆಯವಳ ಹಾಗೆ ಪಿಸುಗುಟ್ಟಿದಳು.
ಮೂವತ್ತು ವರ್ಷ ಗೂಡು ಬೇಯಿಸಿ
ನೂಲು ತೆಗೆದ ಮನೆಯ ಬಿಲ್ಕೀಸ್
ಕಿಟಕಿಯ ಬಲೆಗೆ ಮೂಗು ಒತ್ತಿ ನೋಡಿದಳು:
ತಟ್ಟೆ ತುಂಬ ತಲೆ ಎತ್ತಿ ನಿದ್ದೆಹೋದವರು,
ಹಾಜರಿ ಕರೆಯುವುದನ್ನು ಕಾಯುವ ಮಕ್ಕಳಂತೆ.
ಆಮೇಲೆ ಒಂದು ಫರ್ಲಾಂಗು ಅವಳು ಮಾತಾಡಲಿಲ್ಲ.
ನಾನೂ ಕೆದಕಲಿಲ್ಲ.

ಮಾವಿನ ತೋಪಿನ ತಿರುವಲ್ಲಿ ಟಿವಿಎಸ್ ನಿಲ್ಲಿಸಿ
ಮಫ್ಲರಿನವನೊಬ್ಬ ಕೇಳಿದ: ‘ಸೈಟು ನೋಡೋಕಾ?’
ಇಲ್ಲ.
‘ಜಮೀನಾ?’
‘ಇಲ್ಲಪ್ಪಾ, ಸುಮ್ಮನೆ ದಾರಿ ನೋಡಿಕೊಂಡು ಹೋಗ್ತಿದೀವಿ’
ಅಂದುಬಿಟ್ಟಳು ಬಿಲ್ಕೀಸ್.
ಆ ಮಾತು ಪೆಟ್ರೋಲು ಕುಡಿದು ನಮಗಿಂತ ಮುಂದೆ ಓಡಿತು.

ನಾವು ಊರು ಮುಟ್ಟುವ ಹೊತ್ತಿಗೆ
ಅರಳಿಕಟ್ಟೆಯಲ್ಲಿ ಎಂಟು ಹತ್ತು ಜನ,
ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಮಡಿಕೆ ಹರಿದ ನಕ್ಷೆ.
‘ಹೈವೇ ಯಾವ ಕಡೆಯಿಂದ ಬರುತ್ತೆ ಮೇಡಂ?’
‘ನಮ್ಮ ಬೋರು ಬಿಟ್ಟು ಎಳೀರಿ.’
‘ನನ್ನ ಹೊಲದ ಮೇಲೇ ಬರಲಿ, ರೇಟು ಹೇಳಿ!’
ಇಲ್ಲ ಅಂದಷ್ಟೂ
ನಮ್ಮನ್ನು ದೊಡ್ಡ ಆಫೀಸರು ಅಂದುಕೊಂಡರು.

ಚೌಡಮ್ಮ ಮಾತ್ರ ಏನೂ ಕೇಳಲಿಲ್ಲ.
ಕೈಹಿಡಿದು ಬದುವಿಗೆ ಕರೆದೊಯ್ದು
ಈ ಕಲ್ಲಿನಿಂದ ಆ ಹುಣಸೆಯವರೆಗೆ
ಬರಿಗಾಲಲ್ಲಿ ಎಣಿಸುತ್ತ ನಡೆದಳು.
‘ನಲವತ್ತೆರಡು. ಬರ್ಕೊ.’
ಪೆನ್ನಿರಲಿಲ್ಲ. ನಾನೂ ಅಳೆದೆ,
ಮೂವತ್ತೊಂಬತ್ತು ಬಂತು.
ಅವಳು ಒಪ್ಪಲಿಲ್ಲ.
ಚಪ್ಪಲಿ ಬಿಡಿಸಿ
ಇನ್ನೊಮ್ಮೆ ನಡೆಸಿದಳು.

ಕೊನೆಗೆ ಸೋತು ನಾನೇ ಬಾಯಿಬಿಟ್ಟೆ:
ಶುಗರ್ ಇದೆ ತಾಯಿ, ಡಾಕ್ಟರು ನಡೀರಿ ಅಂದಿದಾರೆ, ಅಷ್ಟೇ.
‘ಅಯ್ಯೋ, ಮೊದಲೇ ಹೇಳಬಾರದಾ!’
ಪಹಣಿಗಳು ಜೇಬು ಸೇರಿದವು.
ನನಗೆ ಮುನ್ನೂರು, ನಮ್ಮತ್ತೆಗೆ ಕಾಲುಬೆರಳು ಹೋಯ್ತು,
ಮೆಂತ್ಯ ನೆನೆಸಿ ಕುಡಿಯಿರಿ, ಬೆಲ್ಲ ಪರವಾಗಿಲ್ಲವಂತೆ,
ಯಾರಂದೋರು?
ರೇಟು ಕೇಳಿದವನೇ ಒಳಗೋಡಿ
ಸಕ್ಕರೆಯಿಲ್ಲದ ಕಾಫಿ ತಂದ.
ಇನ್ನೊಬ್ಬಳು ಮಡಿಲಿಗೆ ಅವರೆಕಾಯಿ ಸುರಿದಳು.

ಸಂಜೆ ಶಿಡ್ಲಘಟ್ಟದಲ್ಲಿ ಹಿಂದಿರುಗುವ ಗಾಡಿ.
ಐದು ತಾಸಿನ ದಾರಿ ಹನ್ನೆರಡು ನಿಮಿಷದಲ್ಲಿ
ಕಿಟಕಿಯಿಂದ ಹೊರಗೆ ಸುರಿದುಹೋಗುತ್ತಿದೆ.
ಹುಣಸೆ ಕಂಡೀತೇ ಅಂತ ಬಗ್ಗಿದೆ.
ನಾಲ್ಕು ಬಂದವು, ಎಲ್ಲವೂ ಅದೇ ಥರ.
ನಿಲ್ದಾಣದಲ್ಲಿ ಗಂಗುಲಪ್ಪ ಬೀಗ ಹಾಕುತ್ತಿದ್ದ,
ನಮ್ಮನ್ನು ಕಂಡು ತಲೆಯಾಡಿಸಿದ.

ಅವರೆ ಸುಲಿಯುತ್ತ ಕೂತಿದ್ದ ಬಿಲ್ಕೀಸ್
‘ನಲವತ್ತೆರಡು’ ಅಂದಳು,
ನಾನೇನೂ ಕೇಳಿರಲಿಲ್ಲ.