ಬಲಗೈ ಇನ್ನೂ ಡ್ಯೂಟಿಯಲ್ಲಿ

ನಾನು ನಿವೃತ್ತನಾಗಿ ಎಂಟು ತಿಂಗಳು.
ಬಲಗೈ ಆಗಿಲ್ಲ.
ರಾಬರ್ಟ್‌ಸನ್‌ಪೇಟೆ ಅಂಚೆ ಕಚೇರಿಯ ಹಿಂಬದಿ ಮೇಜಿನಲ್ಲಿ
ಮೂವತ್ತೊಂದು ವರ್ಷ ಮೊಹರು ಕುಟ್ಟಿದ ಕೈ ಇದು,
ಶಾಯಿಗೊಂದು, ಕಾಗದಕ್ಕೊಂದು,
ಶಾಯಿಗೊಂದು, ಕಾಗದಕ್ಕೊಂದು.
ಊಟಕ್ಕೆ ಕೂತಾಗಲೂ ಒಮ್ಮೊಮ್ಮೆ
ಹಪ್ಪಳದ ಮೇಲೆ ಬೀಳುತ್ತದೆ.

ಷುಗರು ಇಳಿಯಲಿ, ನಡೀರಿ ಅಂದರು ಡಾಕ್ಟರು.
ನಡೆಯುತ್ತ ನಡೆಯುತ್ತ ಗಣಿ ಸಾಹೇಬರ ಹಳೇ ಗಾಲ್ಫ್ ಮೈದಾನ ಸೇರಿದೆ.
ಹುಲ್ಲಿಗಿಂತ ಮಣ್ಣು ಹೆಚ್ಚು, ಆಟಗಾರರಿಗಿಂತ ಮೇಕೆ ಹೆಚ್ಚು.
ಆಚೆ ಸೈನೈಡ್ ದಿಬ್ಬ ಬೂದಿ ಬಳಿದುಕೊಂಡು ಮಲಗಿದೆ;
ತಿರುಗದ ಚಕ್ರ ಹೊತ್ತು ಶಾಫ್ಟು ನಿಂತೇ ಇದೆ.
ಅಲ್ಲಿ ಸಿಕ್ಕಿದವನು ಏಳುಮಲೈ.
ಹನ್ನೊಂದನೇ ವಯಸ್ಸಿಗೇ ಚೀಲ ಹೊತ್ತವನು,
ಯಾರ ಯಾರದೋ ಚೆಂಡು ಹುಡುಕಿ ಹುಡುಕಿ
ಕಣ್ಣು ಸದಾ ನೆಲದಲ್ಲೇ.
ಐದು ಕೋಲಿವೆ ಅವನ ಬಳಿ, ಒಂದಕ್ಕೆ ಸೈಕಲ್ ಟ್ಯೂಬಿನ ಹಿಡಿ.

ಮೊದಲ ಏಟು. ಚೆಂಡು ಇದ್ದಲ್ಲೇ ಇತ್ತು,
ನೆಲದಲ್ಲಿ ಅಂಗೈಯಗಲ ಗುಂಡಿ.
"ಬಲಗೈಗೆ ಬಹಳ ಅವಸರ ಸಾರ್.
ಎಡಗೈ ದಾರಿ ತೋರಿಸ್ಬೇಕು, ಇದು ಹಿಂದೆ ಬರ್ಬೇಕು."
ನಾನು ಬಿಟ್ಟೆನೇ? ವಕಾಲತ್ತು ಹೂಡಿದೆ:
ಬಲ ಅಂದರೇನೇ ಬಲ ಕಣಯ್ಯ, ಎಡ ಅಂದರೆ ಎಡವೋದು.
ಉಂಡದ್ದು, ಆರತಿ ತಗೊಂಡದ್ದು, ಸಂಬಳಕ್ಕೆ ಸಹಿ ಹಾಕಿದ್ದು
ಎಲ್ಲ ಇದೇ ಕೈ.
"ಚೆಂಡಿಗೆ ಕನ್ನಡ ಬರಲ್ಲ ಸಾರ್, ತಮಿಳೂ ಬರಲ್ಲ.
ಎಡ ಬಲ ಅಂತ ನಮ್ಮ ಕೇರೀಲಿ ಜಗಳ ಸಾಕಷ್ಟಾಗಿದೆ,
ಕೋಲಿನ ಮೇಲೂ ಬೇಡ."

ಬಲಗೈ ಕಿರುಬೆರಳನ್ನು ಎತ್ತಿ
ಎಡಗೈ ತೋರುಬೆರಳ ಮೇಲೆ ಒರಗಿಸಿದ,
ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ನಿದ್ದೆ ಹೋದವರ ಹಾಗೆ.
ಎಷ್ಟು ಬಿಗಿ? ಅಂಟು ನೆಕ್ಕಿದ ಸ್ಟಾಂಪು ಹಿಡಿಯುವಷ್ಟೇ?
ಹ್ಞೂಂ ಅಂದ.

ಮೊಣಕೈ ಮಾತ್ರ ಕೂಗಲು ಹೊರಟ ಹುಂಜದ ರೆಕ್ಕೆ.
ಕಂಕುಳಿಗೆ ತನ್ನ ಟವೆಲ್ಲು ಸಿಕ್ಕಿಸಿದ: ಬೀಳಬಾರದು.
ಬಿತ್ತು. ಬಿತ್ತು. ಹನ್ನೆರಡು ಸಲ ಬಿತ್ತು.
ಆಮೇಲೆ ನೆನಪಾಯಿತು:
ಕೆಲಸಕ್ಕೆ ಸೇರಿದ ಹೊಸತು, ಬೇತಮಂಗಲದ ಬೀಟು,
ಜಡಿಮಳೆ, ಸೈಕಲ್ಲು,
ಒಂದೇ ಒಂದು ರಿಜಿಸ್ಟರ್ಡ್ ಲಕೋಟೆ ಕಂಕುಳಲ್ಲಿ.
ಎಡಗೈಯೊಂದರಲ್ಲೇ ಹ್ಯಾಂಡಲ್ ಹಿಡಿದು
ಮೊಣಕೈಯನ್ನು ಪಕ್ಕೆಗೆ ಹೊಲಿದುಕೊಂಡು
ನಾಲ್ಕು ಮೈಲಿ ತುಳಿದಿದ್ದೆ.
ಯಾರ ಕಾಗದವೋ, ಏನು ಸುದ್ದಿಯೋ,
ಒದ್ದೆಯಾಗಲಿಲ್ಲ.
ಹದಿಮೂರನೇ ಸಲ ಟವೆಲ್ಲೂ ಬೀಳಲಿಲ್ಲ.

"ಇನ್ನು ಮಣಿಕಟ್ಟು. ಅದನ್ನ ನಾನು ಹೇಳ್ಕೊಡಕ್ಕಾಗಲ್ಲ.
ನಿಮ್ಮನೇಲಿ ಬಾಗಿಲಿಗೆ ನೀರು ಹಾಕೋರು ಯಾರು? ಅವರನ್ನ ನೋಡಿ."

ಬೆಳಿಗ್ಗೆ ಐದೂವರೆ. ಕಿಟಕಿ ಹಿಂದೆ ಕಳ್ಳನಂತೆ ನಾನು.
ಜಲಜಾಕ್ಷಿ ಬಂದಳು, ಎಡಗೈಲಿ ಬಕೆಟ್ಟು, ಬಲಗೈಲಿ ಚೊಂಬು.
ಮೊಣಕೈ ಸೊಂಟ ಸವರಿ ಮುಂದೆ ಜಾರಿತು,
ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ
ಕಾಯಿತು, ಕಾಯಿತು,
ಸೊಂಟ ತಿರುಗಿ ಮುಗಿದ ಮೇಲೆ, ಕಟ್ಟಕಡೆಗೆ,
ಬಿಟ್ಟಿತು.
ನೀರು ಬೀಸಣಿಗೆಯಾಗಿ ಬಿಚ್ಚಿ
ಗೇಟಿನವರೆಗೆ ಒಂದೇ ಸಮ ಬಿತ್ತು.
ಇಪ್ಪತ್ತೊಂಬತ್ತು ವರ್ಷ ಇದೇ ಅಂಗಳ ದಾಟಿದ್ದೇನೆ,
ಚಪ್ಪಲಿ ಒದ್ದೆಯಾಯಿತೆಂದು ಗೊಣಗಿಕೊಂಡು.
"ಏನು ನೋಡ್ತಿದೀರಾ?"
"ಮೊಣಕೈ."
ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳು.
ಅವತ್ತಿನ ಕಾಫಿಗೆ ಸಕ್ಕರೆ ಬಿದ್ದಿತ್ತು.

ಮಂಗಳವಾರ ಒಂದು ಚೆಂಡು ಹೋಯಿತು.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ;
ಇಲ್ಲಿ ಕೊಟ್ಟ ಕೈಗೇ ತಿಳಿಯದೆ
ದಿಬ್ಬದ ಬೂದು ಬಣ್ಣದೆದುರು ಒಂದು ಬಿಳಿ ಚುಕ್ಕೆ
ಏರಿ, ನಿಂತು, ಯಾವ ವಿಳಾಸಕ್ಕೋ ಇಳಿಯಿತು.
ಮೇಕೆಯೊಂದು ತಲೆಯೆತ್ತಿ ನೋಡಿತು.
ಏಳುಮಲೈ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದ.

ಮರು ಏಟಿಗೆ ಮತ್ತೆ ಠಪ್.
ಎದ್ದ ಹೆಂಟೆಯನ್ನು ಗುಂಡಿಗೆ ಕೂರಿಸಿ
ಕಾಲಲ್ಲಿ ಅದುಮುತ್ತ ಅಂದ:
"ಸೀಲು ಚೆನ್ನಾಗಿ ಬಿದ್ದಿದೆ ಸಾರ್.
ತಾರೀಕು ಓದಕ್ಕೆ ಬರ್ತಿದೆ."