ಮುಚ್ಚಳ

ಸೆಪ್ಟೆಂಬರಿನಲ್ಲೇ ತುಂಬಿಸಿಟ್ಟೆವು ಹನ್ನೊಂದು ಸೀಸೆ.
ಹುಳಿಗೆ ಹಾಕಿದ ಹೆರಿಂಗ್ ಮೀನು ಇದ್ದದ್ದು ಕೆಲವು,
ಅಜ್ಜಿಯಂದಿರ ಹಣ್ಣಿನ ಪಾಕದ್ದು ಕೆಲವು;
ಎಷ್ಟು ತೊಳೆದರೂ ಒಂದರಲ್ಲಿ ಸಬ್ಬಸಿಗೆ ವಾಸನೆ.

ಕೊಳದ ಕೆಸರು ನಾಲ್ಕು ಚಮಚ,
ನೀರು ಕತ್ತಿನವರೆಗೆ, ನೀರಗಿಡದ ಎರಡೆಳೆ,
ಕಂಡೂ ಕಾಣದ ನೀರಚಿಗಟಗಳು,
ಸೀಸೆಗೊಂದು ಬಸವನಹುಳ.
ಆಮೇಲೆ ಮುಚ್ಚಳ. ಮುಚ್ಚಳದ ಸುತ್ತ ಮೇಣ.
ಇನ್ನು ತೆರೆಯುವಂತಿಲ್ಲ, ಎಂದೆ.
"ಊಟ ಹಾಕೋದು ಯಾರು?" ಯೋರಾನ್ ಕೇಳಿದ.
ಬೆಳಕು, ಎಂದೆ, ಬಲು ಜಾಣನಂತೆ.

ವಾಡ್ಸೊದಂಥ ಊರಲ್ಲಿ ಹಾಗೆ ಹೇಳಬಾರದಿತ್ತು.
ನವೆಂಬರ್ ಕೊನೆಗೆ ಸೂರ್ಯ ಅಂಗಡಿ ಎತ್ತಿದ.
ನಡುಹಗಲು ಕಿಟಕಿಯಲ್ಲಿ ಒಂದಿಷ್ಟು ನೇರಳೆ,
ಅದೂ ಚಪ್ಪಲಿ ಬಿಡದೆ ಮಾತಾಡಿ ಹೋಗುವ ನೆಂಟ.
ಹತ್ತು ಸೀಸೆ ದೀಪದಡಿ ಸಾಲಾಗಿ ಕೂತವು.
ರಿಸ್ತೆನ್ ತನ್ನದನ್ನು ಕೊಡಲಿಲ್ಲ.
"ಮಂಜುಗಡ್ಡೆಯಡಿ ಕೊಳಕ್ಕೆ ಯಾರು ದೀಪ ಇಡ್ತಾರೆ?"
ಅಂದು, ಬಾಗಿಲ ಪಕ್ಕದ ಥಂಡಿ ಕಿಟಕಿಯಲ್ಲಿಟ್ಟು
ಬಳಿಯಲ್ಲೇ ತನ್ನ ಕೈಗವಸು ಮರೆತು ಹೋದಳು.

ಮಕ್ಕಳು ಪುಸ್ತಕದಲ್ಲಿ ಬರೆದರು:
ಸೀಸೆ ಮೂರು: ಗಾಜಿಗೆ ಪಾಚಿ. ಹುಳ ನೆಕ್ಕಿದಲ್ಲೆಲ್ಲ ರಸ್ತೆ.
ಸೀಸೆ ಆರು: ನೀರು ಹೋಗಿ ಚಹಾ.
ಸೀಸೆ ಒಂಬತ್ತು: ಮೊಟ್ಟೆ! ಲೋಳೆಯ ಬೆರಳಗುರುತು.
ಸೀಸೆ ಹನ್ನೊಂದು: ಏನೂ ಇಲ್ಲ.
ಮರುವಾರ: ಏನೂ ಇಲ್ಲ.

ಡಿಸೆಂಬರ್ ನಡುವೆ ಒಂದು ಬೆಳಿಗ್ಗೆ
ನಾಲ್ಕನೆಯದರ ಮೇಣ ಬಿರಿದಿತ್ತು.
ಕೇಳುವ ಮೊದಲೇ ಯೋರಾನನ ಕಿವಿ ಕೆಂಪು.
"ತುಂಬ ದಿನ ಆಗಿತ್ತು. ಒಂದು ಸಲ ಉಸಿರಾಡಲಿ ಅಂತ."

ನಿಯಮದಂತೆ ನಾನು ಬರೆಯಬೇಕಾದ್ದು: ಪ್ರಯೋಗ ಕೆಟ್ಟಿದೆ.
ಕೆಂಪು ಪೆನ್ನು ಹಿಡಿದೇ ಕೂತೆ.
ಅವನಪ್ಪ ಬಾರೆಂಟ್ಸ್ ಸಮುದ್ರದಲ್ಲಿ, ಮೀನುಹಡಗಿನ
ಎಂಜಿನ್ ಕೋಣೆಯಲ್ಲಿ, ಆರು ವಾರವಾಯಿತು.
ಕೊನೆಗೆ ಬರೆದೆ:
ಸೀಸೆ ನಾಲ್ಕು: ಒಮ್ಮೆ ಗಾಳಿ ಬಂತು.

ಜನವರಿಯ ಒಂದು ದಿನ ಪಾಠ ಬಿಟ್ಟು ಎಲ್ಲರೂ ಕಿಟಕಿಗೆ,
ಕೈಯಲ್ಲಿ ಸೂರ್ಯನ ಹೆಸರಿನ ಬನ್ನು, ಗಲ್ಲಕ್ಕೆ ಜಾಮು.
ಫ್ಯೋರ್ಡಿನ ಆಚೆದಡದಲ್ಲಿ ಒಂದು ಚೂರು,
ಬೆಣ್ಣೆ ಸವರಿದ ಚಾಕುವಿನ ಅಲಗಿನಷ್ಟು.
ಅದು ಬಂದದ್ದೇ ಹನ್ನೊಂದನೆಯ ಸೀಸೆಯೊಳಕ್ಕೆ.
ತಿಳಿನೀರು. ಗಿಡದ ಎಲೆಯೆಲ್ಲ ಉದುರಿ
ತಳದಲ್ಲಿ ಎರಡು ಹಸಿರು ಗಂಟು,
ಕೂಸಿನ ಮುಷ್ಟಿಯಷ್ಟು ಬಿಗಿ.
ಪಕ್ಕಕ್ಕೆ ಮಗ್ಗುಲಾದ ಚಿಪ್ಪು.

"ಸತ್ತಿದೆಯಾ?"
ಎಲ್ಲರೂ ನನ್ನ ಕಡೆ ನೋಡಿದರು.
ಬಾಯಲ್ಲಿ ಬನ್ನಿತ್ತು, ಒಳ್ಳೆಯದೇ ಆಯಿತು.
ರಿಸ್ತೆನ್ ಸೀಸೆಯನ್ನು ಕಿವಿಗೆ ಹಿಡಿದಳು.
ಯೋರಾನನ ಕೈ ಮುಚ್ಚಳದವರೆಗೆ ಹೋಗಿ
ಒಂದು ಗಳಿಗೆ ನಿಂತು
ಜೇಬು ಸೇರಿತು.